ಮೊದಲು ತೂಕ, ಆಮೇಲೆ ಜಡೆ

ನಮ್ಮವರು ತಕ್ಕಡಿ ರಿಪೇರಿ ಮಾಡುವವರು. ಅಂಗಡಿ ಕೆಳಗೆ, ಮನೆ ಮೇಲೆ, ಇರುವವರು ನಾವಿಬ್ಬರೇ. ತರಕಾರಿ ಅಂಗಡಿಯದು, ಅಂಚೆ ಕಚೇರಿಯದು, ಆಸ್ಪತ್ರೆಯಲ್ಲಿ ಕೂಸು ತೂಗುವುದು, ಎಲ್ಲ ತಕ್ಕಡಿಗಳೂ ಇವರ ಮೇಜಿನ ಮೇಲೆ ನಾಲ್ಕು ದಿನ ಬಿದ್ದುಕೊಂಡು, ಬುದ್ಧಿ ಕಲಿತು ಎದ್ದು ಹೋಗುತ್ತವೆ. ಒಮ್ಮೆ ಮಾಂಸದಂಗಡಿಯವನೊಬ್ಬ ಬಂದು, ಮುಳ್ಳು ಸ್ವಲ್ಪ ತನ್ನ ಕಡೆ ವಾಲುವ ಹಾಗೆ ಮಾಡಿಕೊಡಿ ಎಂದು ಇವರ ಕಿವಿ ಕಚ್ಚಿದ. ಇವರು ಅವನ ತಕ್ಕಡಿಯನ್ನು ಎತ್ತಿ ರಸ್ತೆಗಿಟ್ಟು ಬಾಗಿಲು ಹಾಕಿಕೊಂಡರು. ತೂಕದ ವಿಷಯದಲ್ಲಿ ಇವರ ಮಾತೆಂದರೆ ಮಾತು. ನಾನೂ ನಂಬುತ್ತೇನೆ, ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾರೆ.

ಇಬ್ಬರೂ ದುಂಡಗಿದ್ದೆವು. ಇವರಿಗೆ ಮಂಡಿನೋವು, ನನಗೆ ಬಿ.ಪಿ. ಡಾಕ್ಟರಮ್ಮ ನಮ್ಮನ್ನು ಜೊತೆಯಲ್ಲೇ ಕೂರಿಸಿಕೊಂಡು, “ತೂಕ ಇಳಿಸಿ, ಇಲ್ಲಾಂದ್ರೆ ನನ್ನ ಹತ್ರ ಬರಲೇಬೇಡಿ” ಎಂದು ಗದರಿದರು. ಸಕ್ಕರೆ ಬಿಟ್ಟೆವು. ಕರಿದದ್ದು ಬಿಟ್ಟೆವು. ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆವು. ಬಿಡಲಾಗದೆ ಉಳಿದದ್ದು ಜಡೆ ಒಂದೇ.

ಜಡೆ ಎಂದರೆ ಮೂಲೆಯ ಬೇಕರಿಯ ಬ್ರೆಡ್ಡು. ಬೇಕರಿ ಅಕ್ಕ ಹಿಟ್ಟಿಗೆ ಮೊಟ್ಟೆ, ಹಾಲು, ಕೈತುಂಬ ಬೆಣ್ಣೆ ಹಾಕಿ ನಾದಿ, ಮೂರು ಎಳೆ ಹೊಸೆದು, ಹೆಣ್ಣುಮಕ್ಕಳಿಗೆ ಹೆಣೆದ ಹಾಗೆ ಹೆಣೆದು ಬೇಯಿಸುತ್ತಾರೆ. ಮೇಲೆ ಸಕ್ಕರೆ ಕರಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಳಗಡೆ ಹಿಡಿದು ಎಳೆದರೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ. ತಿಂದಾದ ಮೇಲೂ ಬೆರಳಿಗೆ ಬೆಣ್ಣೆ ಅಂಟಿರುತ್ತದೆ, ಅದನ್ನು ಯಾರಿಗೂ ಕಾಣದ ಹಾಗೆ ನೆಕ್ಕಬೇಕು. ಡಾಕ್ಟರಮ್ಮನ ಲೆಕ್ಕದಲ್ಲಿ ಅದು ಬ್ರೆಡ್ಡೇ ಅಲ್ಲ, ಅಪರಾಧ.

ಅದಕ್ಕೇ ನಾವೊಂದು ಕಾನೂನು ಮಾಡಿಕೊಂಡೆವು. ವಾರಕ್ಕೊಂದೇ ಜಡೆ, ಭಾನುವಾರ ಬೆಳಿಗ್ಗೆ. ಮೊದಲು ತೂಕ, ಆಮೇಲೆ ಜಡೆ. ಅಂಗಡಿಯಲ್ಲಿ ಮೂಟೆ ತೂಗುವ ಹಳೆಯ ಯಂತ್ರವೊಂದಿತ್ತು, ಕಬ್ಬಿಣದ ಹಲಗೆಯದು. ಅದರ ಮೇಲೆ ಒಬ್ಬರಾದ ಮೇಲೆ ಒಬ್ಬರು ನಿಲ್ಲುತ್ತಿದ್ದೆವು. ಜಡೆಯನ್ನು ಕತ್ತರಿಸುವ ಹಾಗಿಲ್ಲ, ಬಿಚ್ಚಬೇಕು. ಒಂದೆಳೆ ಇವರಿಗೆ, ಒಂದೆಳೆ ನನಗೆ. ಮೂರನೆಯ ಎಳೆ, ಆ ವಾರ ಯಾರು ಹೆಚ್ಚು ಇಳಿದಿದ್ದಾರೋ ಅವರಿಗೆ. ತೂಕ ಇಳಿಸಿದ್ದಕ್ಕೆ ಬೆಣ್ಣೆಯ ಬಹುಮಾನ ಕೊಡುವವರು ಈ ಲೋಕದಲ್ಲಿ ನಾವಿಬ್ಬರೇ ಇರಬೇಕು. ಆ ಭಾನುವಾರಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಆಗ ಗೊತ್ತಾಗಲಿಲ್ಲ.

ಮೊದಮೊದಲು ಇವರೇ ಗೆಲ್ಲುತ್ತಿದ್ದರು. ಆಮೇಲೆ ನಾನು ಗೆಲ್ಲತೊಡಗಿದೆ. ಒಂದು ವಾರ, ಇನ್ನೊಂದು ವಾರ, ಬಿಡದೆ ಪ್ರತಿ ವಾರ. ಇವರ ಕಣ್ಣೆದುರೇ ಮೂರನೆಯ ಎಳೆಯನ್ನು ನಿಧಾನವಾಗಿ, ಬೇಕೆಂದೇ ಹೊಟ್ಟೆ ಉರಿಸುತ್ತಾ ತಿನ್ನುತ್ತಿದ್ದೆ. ಇವರ ಮುಖ ನೋಡಬೇಕಿತ್ತು, ಆಟದಲ್ಲಿ ಸೋತ ಮಗುವಿನ ಹಾಗೆ ತುಟಿ ಮುಂದೆ ಬಂದಿರುತ್ತಿತ್ತು.

“ಎರಡೆಳೆ ತಿಂದೋಳು ಇಳೀತೀಯ, ಒಂದೆಳೆ ತಿಂದೋನು ಅಲ್ಲೇ ಇದೀನಿ. ಇದೆಂಥ ನ್ಯಾಯ ಕಣೇ?”

“ಮನಸ್ಸು ಗಟ್ಟಿ ಇರಬೇಕು ರೀ. ನಿಮ್ಮ ಹಾಗೆ ಕದ್ದು ತಿಂದ್ರೆ ಇಳಿಯುತ್ತಾ?”

“ನಾನೆಲ್ಲಿ ಕದ್ದು ತಿಂದೆ? ಯಂತ್ರಕ್ಕೇ ಏನೋ ಆಗಿದೆ.”

ಬೇರೆಯವರ ಗಂಡನಾಗಿದ್ದರೆ ಹೆಂಡತಿಯನ್ನು ಅನುಮಾನಿಸುತ್ತಿದ್ದ. ನಮ್ಮವರು ಯಂತ್ರವನ್ನು ಅನುಮಾನಿಸಿದರು. ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆ ತಂದು ಪರೀಕ್ಷಿಸಿದರು. ಹಿತ್ತಾಳೆಯದಾದರೂ ಎಲ್ಲರ ಬಾಯಲ್ಲೂ ಅದು ಕಲ್ಲೇ. ಯಂತ್ರ ಸರಿಯಾಗಿಯೇ ತೋರಿಸಿತು. ಆದರೆ ಪೆಟ್ಟಿಗೆಯ ಕಲ್ಲುಗಳನ್ನೆಲ್ಲ ಸೇರಿಸಿದರೂ ಹತ್ತು ಕೆಜಿ ದಾಟುವುದಿಲ್ಲ. ಸಣ್ಣ ತೂಕಕ್ಕೆ ನಿಜ ಹೇಳಿ, ನನ್ನಂಥವಳ ತೂಕದ ಹತ್ತಿರ ಬಂದಾಗ ಮಾತ್ರ ಜಾರುವ ಯಂತ್ರಗಳೂ ಇವೆಯಂತೆ. ಅದಕ್ಕೆ ಬೇಕರಿಯಿಂದ ಬಾಯಿ ಹೊಲಿದ ಮೈದಾ ಮೂಟೆಯನ್ನು ತರಿಸಿದರು. ಮೂಟೆಯ ಮೇಲೆ ಐವತ್ತು ಕೆಜಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಯಂತ್ರ ನಲವತ್ತೇಳು ತೋರಿಸಿತು.

“ನೋಡ್ದಾ? ನಾನು ಹೇಳಿರಲಿಲ್ವಾ?” ಎಂದು ಇವರು ಕುಣಿಯುವುದೊಂದು ಬಾಕಿ. ಯಂತ್ರದ ಹೊಟ್ಟೆ ಬಿಚ್ಚಿ, ತಿರುಪು ತಿರುಗಿಸಿ, ಮೂಟೆ ಐವತ್ತಕ್ಕೆ ಬಂದು ನಿಲ್ಲುವವರೆಗೂ ಬಿಡಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಏರಿದ್ದೆವು. ನೀನು ಇಷ್ಟು ದಿನ ಗೆದ್ದದ್ದೆಲ್ಲ ಯಂತ್ರದ ತಪ್ಪಿನಿಂದ ಎಂದು ಹೇಳಿ ಇವರು ಮೂರನೆಯ ಎಳೆಯನ್ನು ತಮ್ಮ ಪಾಲಿಗೆ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು, ಹಟ ಹಿಡಿದು ರಾತ್ರಿಯ ಊಟವನ್ನೇ ಬಿಟ್ಟೆ. ಬಿಡುವುದು ಕಷ್ಟವೂ ಆಗಲಿಲ್ಲ, ಹಸಿವೇ ಇರುತ್ತಿರಲಿಲ್ಲ. ಮತ್ತೆ ಇಳಿಯತೊಡಗಿದಾಗ, ಊಟ ಬಿಟ್ಟಿದ್ದಕ್ಕೆ ಇಳಿದೆ ಎಂದು ಇಬ್ಬರೂ ಒಪ್ಪಿಕೊಂಡೆವು. ಪಕ್ಕದ ಮನೆಯವರು ಗುಟ್ಟೇನು ಎಂದು ಕೇಳುತ್ತಿದ್ದರು. ನಾನು ಜಂಬದಿಂದ ನಕ್ಕುಬಿಡುತ್ತಿದ್ದೆ.

ಬೆರಳಿನ ಉಂಗುರ ಪಾತ್ರೆ ತೊಳೆಯುವಾಗ ಜಾರಿ ಬೀಳತೊಡಗಿತು. ಇವರು ಅದಕ್ಕೆ ದಾರ ಸುತ್ತಿ ಬಿಗಿ ಮಾಡಿಕೊಟ್ಟರು. ಕೆಲವು ವಾರಗಳ ಮೇಲೆ ಇನ್ನಷ್ಟು ದಾರ ಸುತ್ತಿದರು. ಕೊನೆಗೆ ಹೊಟ್ಟೆನೋವು ಬಂದು ನೆಟ್ಟಗೆ ನಿಲ್ಲಲಾಗದೆ ಹೋದಾಗ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ನರ್ಸ್ ನನ್ನನ್ನು ತೂಗಿ ಸಂಖ್ಯೆ ಬರೆದುಕೊಂಡಳು. ಇವರು ಬಗ್ಗಿ ನೋಡಿದರು.

“ಸಿಸ್ಟರ್, ನಿಮ್ಮ ಯಂತ್ರ ಕೆಟ್ಟಿದೆ. ಕೊಡಿ, ನಾನು ಸರಿ ಮಾಡಿಕೊಡ್ತೀನಿ. ದುಡ್ಡೇನೂ ಬೇಡ.”

ಆ ಹುಡುಗಿ ನನ್ನನ್ನೊಮ್ಮೆ, ಇವರನ್ನೊಮ್ಮೆ ನೋಡಿದಳು. ಹೋಗಿ ಇನ್ನೊಂದು ಯಂತ್ರ ತಂದಳು. ಅದೂ ಅಷ್ಟೇ ತೋರಿಸಿತು.

ಆಮೇಲಿನದನ್ನು ಉದ್ದ ಹೇಳಲಾರೆ. ಹೊಟ್ಟೆಯೊಳಗೆ ಗಡ್ಡೆ, ಅದು ಹರಡಿಯಾಗಿತ್ತು. ಆ ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. “ಇಷ್ಟೊಂದು ಇಳೀತಿದ್ರೂ ಗೊತ್ತಾಗ್ಲಿಲ್ವಾ? ಇನ್ನೂ ಸ್ವಲ್ಪ ಮುಂಚೆ ಬಂದಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ಮಾತನ್ನು ನಮ್ಮವರು ಮನೆಗೆ ಹೊತ್ತು ತಂದರು.

ಉಳಿದರ್ಧವನ್ನು ಬೇಕರಿ ಅಕ್ಕ ಸೇರಿಸಿದರು, ಪಾಪ, ಗೊತ್ತಿಲ್ಲದೆ. ನನ್ನನ್ನು ನೋಡಲು ಬಂದವರು ಅದೂ ಇದೂ ಮಾತಾಡುತ್ತಾ, ತಾವು ಹಿಟ್ಟಿನ ಗಿರಣಿ ಬದಲಾಯಿಸಿದ ಸುದ್ದಿ ಎತ್ತಿದರು. “ಕಳ್ಳರು ಕಣ್ರೀ. ಮೂಟೆಗೆ ಮೂರು ಕೆಜಿ ಕಮ್ಮಿ ತುಂಬ್ತಿದ್ರು, ನಾನು ನೋಡ್ಕೊಂಡೇ ಇರಲಿಲ್ಲ.” ಕಿಟಕಿಯ ಹತ್ತಿರ ನಿಂತಿದ್ದ ಇವರು ಕೈಯಲ್ಲಿದ್ದ ಲೋಟವನ್ನು ಅಲ್ಲೇ ಇಟ್ಟುಬಿಟ್ಟರು. ಯಂತ್ರ ನಿಜ ಹೇಳಿತ್ತು. ಇವರು ಅದರ ಬಾಯಿ ಮುಚ್ಚಿಸಿದ್ದರು.

ನನಗೂ ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಇಡೀ ದಿನ ಇವರ ಜೊತೆ ಮಾತಾಡಲಿಲ್ಲ. ಆಮೇಲೆ ನೋಡಿದರೆ ಇವರು ನನಗಿಂತ ಮೊದಲೇ ಸಾಯುವ ಹಾಗೆ ಕಂಡರು. ಕೆಳಗೆ ಇಳಿದು ಯಂತ್ರವನ್ನು ಮತ್ತೆ ಸರಿ ಮಾಡಿದರು, ಅದೇ ಕೊನೆ. ಊರಿನ ತಕ್ಕಡಿಗಳೆಲ್ಲ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದವು. ಕೇಳಲು ಬಂದವರಿಗೆ, “ಬೇರೆಯವರ ಹತ್ರ ಕೊಡಿ, ನನಗೆ ತೂಕ ಗೊತ್ತಾಗಲ್ಲ” ಎನ್ನುತ್ತಿದ್ದರು.

“ಮೂರು ಕೆಜಿಗೆಲ್ಲ ಯಾರೂ ಸಾಯಲ್ಲ ರೀ,” ಎಂದು ನಾನು ಒಮ್ಮೆ ಹೇಳಿದೆ. “ಆ ಕಾಯಿಲೆ ನಿಮ್ಮ ಯಂತ್ರ ನೋಡ್ಕೊಂಡು ಬಂದಿದ್ದಲ್ಲ.”

“ಸುಮ್ನಿರೇ” ಎಂದರು. ನಾನು ಹೋಗುವುದಕ್ಕೆ ಹೇಗೋ ಮನಸ್ಸು ಮಾಡಿಕೊಂಡಿದ್ದೆ. ಇವರ ಎದೆಯ ಮೇಲೆ ಆ ಕಲ್ಲನ್ನು ಬಿಟ್ಟು ಹೋಗುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಔಷಧಿಗೆ ಕೂದಲು ಹೋಯಿತು. ಈ ಮನೆಯಲ್ಲಿ ಉಳಿದ ಜಡೆ ಬೇಕರಿಯದು ಒಂದೇ ಎಂದು ನಾನು ನಕ್ಕರೆ ಇವರು ಎದ್ದು ಒಳಗೆ ಹೋದರು. ಆಮೇಲೆ, ಇನ್ನು ಫಲವಿಲ್ಲವೆಂದು, ಆಸ್ಪತ್ರೆಯವರು ಔಷಧಿಯನ್ನೂ ನಿಲ್ಲಿಸಿದರು. ಇನ್ನು ಇಷ್ಟ ಬಂದದ್ದನ್ನು ತಿನ್ನಿ ಎಂದು ಡಾಕ್ಟರು ಹೇಳಿದ ಮಾತನ್ನು ಇವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ತಿಂದರೆ ತೂಕ ಏರುತ್ತದೆ, ತೂಕ ಏರಿದರೆ ಇವಳು ಉಳಿಯುತ್ತಾಳೆ. ಇಬ್ಬರು ಹಮಾಲರನ್ನು ಕರೆಸಿ ಯಂತ್ರವನ್ನು ಮಹಡಿಗೆ ಹೊರಿಸಿ ತಂದರು. ಕಾನೂನು ಅದೇ, ಆದರೆ ತಲೆಕೆಳಗು. ಯಾರು ಏರಿದರೆ ಅವರಿಗೆ ಮೂರನೆಯ ಎಳೆ.

ಪ್ರತಿ ಭಾನುವಾರ ಮೊದಲು ಪೆಟ್ಟಿಗೆಯ ಕಲ್ಲುಗಳನ್ನೆಲ್ಲ ಇಟ್ಟು ಯಂತ್ರವನ್ನು ಪರೀಕ್ಷಿಸುತ್ತಿದ್ದರು. ಆಮೇಲೆ ನನ್ನ ತೋಳು ಹಿಡಿದು ಹತ್ತಿಸುತ್ತಿದ್ದರು. ಪ್ರತಿ ವಾರವೂ ಇಳಿದಿರುತ್ತಿದ್ದೆ. ಆ ಹೊತ್ತಿನಲ್ಲಿ ಇವರ ಮುಖ ಬೂದಿಯಾಗುವುದನ್ನು ಮೇಲಿನಿಂದ ನೋಡುತ್ತಾ ನಿಲ್ಲುವುದಿತ್ತಲ್ಲ, ಅದರ ಮುಂದೆ ಹೊಟ್ಟೆಯ ನೋವು ಏನೂ ಅಲ್ಲ. ಜಡೆ ಬಿಚ್ಚಿ ನನ್ನ ಕೈಗಿಡುತ್ತಿದ್ದರು. ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವರು ಆ ಕಡೆ ತಿರುಗಿದಾಗ ದಿಂಬಿನಡಿ ಇಡುತ್ತಿದ್ದೆ.

ಹೋದ ವಾರ ನಾನೊಂದು ಕೆಲಸ ಮಾಡಿದೆ. ಯಂತ್ರದ ಪರೀಕ್ಷೆ ಮುಗಿಸಿ ಇವರು ಕೈ ತೊಳೆಯಲು ಹೋದಾಗ, ಪೆಟ್ಟಿಗೆಯಿಂದ ಅರ್ಧ ಕೆಜಿಯ ಕಲ್ಲನ್ನು ತೆಗೆದು ಸ್ವೆಟರಿನ ಜೇಬಿಗೆ ಹಾಕಿಕೊಂಡೆ. ಈಗ ನನಗೆ ಯಾವಾಗಲೂ ಚಳಿ, ಸ್ವೆಟರ್ ಮೈಮೇಲೇ ಇರುತ್ತದೆ. ತಕ್ಕಡಿಯವನ ಹೆಂಡತಿ ತಕ್ಕಡಿಗೇ ಮೋಸ ಮಾಡುವುದೆಂದರೆ ಸುಮ್ಮನೆಯೇ?

ಇವರು ಬಗ್ಗಿ ಮುಳ್ಳು ನೋಡಿದರು. ಮತ್ತೊಮ್ಮೆ ನೋಡಿದರು.

“ಏರಿದೀಯ ಕಣೇ,” ಎಂದರು. “ಜಾಸ್ತಿ ಇಲ್ಲ, ಒಂಚೂರು. ಆದ್ರೆ ಏರಿದೀಯ.”

“ಮತ್ತೆ? ನಿಮ್ಮ ಜಡೆ ಏನು ಸುಮ್ನೇನಾ?”

ಎಷ್ಟೋ ಕಾಲದ ಮೇಲೆ ಇವರ ಮುಖದಲ್ಲಿ ನಗು ಕಂಡೆ. ಮೂರನೆಯ ಎಳೆಯನ್ನು ನನ್ನ ಕೈಗಿಟ್ಟು ಎದುರಿಗೇ ಕುಳಿತರು, ದಿಂಬಿನಡಿ ಇಡಲು ದಾರಿಯಿರಲಿಲ್ಲ. ಚೂರು ಮುರಿದು ನಾಲಗೆಯ ಮೇಲಿಟ್ಟುಕೊಂಡು ಅದು ಕರಗುವವರೆಗೆ ಕಾದೆ. ಮೊದಲು ಸಕ್ಕರೆ, ಆಮೇಲೆ ಬೆಣ್ಣೆ. ಹಳೆಯ ರುಚಿಯೇ ಬಂತು, ಒಂದಿಷ್ಟೂ ಬದಲಾಗದೆ. ನಾನು ಬೆರಳು ನೆಕ್ಕಿದೆ, ಇವರು ನೋಡಿ ನಕ್ಕರು. ಆ ಮಧ್ಯಾಹ್ನ ಇವರು ಅಂಗಡಿಗೆ ಇಳಿದು ತರಕಾರಿಯವಳ ತಕ್ಕಡಿಯನ್ನು ಬಿಚ್ಚಿದ ಸದ್ದು ಮೇಲಕ್ಕೆ ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತಾ ಮಲಗಿದ್ದೆ.

ಪೆಟ್ಟಿಗೆಯನ್ನು ಇವರು ಕೆಳಗೆ ಒಯ್ದಿದ್ದರು, ಕಲ್ಲನ್ನು ವಾಪಸ್ಸು ಇಡಲಾಗಲಿಲ್ಲ. ಆ ಪೆಟ್ಟಿಗೆಯಲ್ಲಿ ಒಂದೊಂದು ಕಲ್ಲಿಗೂ ಅದರದೇ ಗುಳಿಯಿದೆ, ಒಂದು ಖಾಲಿಯಾದರೆ ಉದುರಿದ ಹಲ್ಲಿನ ಜಾಗದ ಹಾಗೆ ಎದ್ದು ಕಾಣುತ್ತದೆ. ಇವರು ವಾರವಿಡೀ ಆ ಪೆಟ್ಟಿಗೆಯನ್ನಿಟ್ಟುಕೊಂಡೇ ಕೆಲಸ ಮಾಡಿದರು. ಇಂದು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಎಂದುಕೊಂಡೆ.

ಈ ಭಾನುವಾರ ಇವರು ಯಂತ್ರದ ಪರೀಕ್ಷೆ ಮಾಡಲಿಲ್ಲ. ಬೇಕರಿಗೆ ಹೋಗಿ ಬಂದು, ಗೂಟಕ್ಕೆ ಒಣಗಲು ಹಾಕಿದ್ದ ಸ್ವೆಟರನ್ನು ತಂದು ತಾವೇ ತೊಡಿಸಿ, ಗುಂಡಿ ಹಾಕಿದರು. ನನ್ನ ಕಲ್ಲು ದಿಂಬಿನಡಿ ಇತ್ತು. ಇವರು ಬೆನ್ನು ತಿರುಗಿಸಿದಾಗ ಅದನ್ನು ಜೇಬಿಗೆ ಜಾರಿಸಲು ಕೈ ಹಾಕಿದೆ. ಜೇಬು ಖಾಲಿಯಿರಲಿಲ್ಲ.

ಒಳಗೊಂದು ಕಲ್ಲಿತ್ತು, ಒಂದು ಕೆಜಿಯದು. ಸದ್ದಾಗದ ಹಾಗೆ ಅದನ್ನು ಬೇಕರಿಯ ತೆಳ್ಳಗಿನ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಕಾಗದಕ್ಕೆ ಬೆಣ್ಣೆ ಹತ್ತಿತ್ತು.

“ಬಾರೇ,” ಎಂದರು ಇವರು, ಯಂತ್ರದ ಪಕ್ಕ ನಿಂತು, ನನ್ನ ಕಡೆ ನೋಡದೆ. “ಮೊದಲು ತೂಕ.”

ನನ್ನ ಕಲ್ಲನ್ನು ಹಾಸಿಗೆಯಲ್ಲೇ ಬಿಟ್ಟು, ಇವರ ಕಲ್ಲನ್ನು ಹೊತ್ತು ಹಲಗೆ ಹತ್ತಿದೆ. ಬೀಳದ ಹಾಗೆ ಇವರ ಭುಜ ಹಿಡಿದುಕೊಂಡೆ. ತಕ್ಕಡಿಯ ಮುಂದೆ ಎಂದೂ ಒಂದು ಗ್ರಾಂ ಸುಳ್ಳು ಹೇಳದ ಮನುಷ್ಯ ಮುಳ್ಳಿನ ಮುಂದೆ ಬಗ್ಗಿದರು, ಬಹಳ ಹೊತ್ತು ತಲೆಯೆತ್ತಲಿಲ್ಲ.

“ಏರಿದೀಯ,” ಎಂದರು. “ಮೂರನೇ ಎಳೆ ನಿಂದೇ.”