ಮದುವೆಗೆಂದು ಎತ್ತಿಟ್ಟ ಕಣ್ಣೀರು

ಅಗರದ ಶಿವರತ್ನಮ್ಮನಿಗೆ ಒಳ್ಳೆಯ ವಸ್ತು ಯಾವುದನ್ನೂ ದಿನಬಳಕೆಗೆ ಇಳಿಸಿ ಅಭ್ಯಾಸವಿಲ್ಲ. ಹೊಸ ಲೋಟ ನೆಂಟರಿಗೆ, ಹೊಸ ಚಾಪೆ ಪೂಜೆಗೆ ಬರುವ ಅಯ್ನೋರಿಗೆ, ರೇಷ್ಮೆ ಸೀರೆ ಮದುವೆಗೆ. ಹಾಗಾಗಿ ಕೊಳ್ಳೇಗಾಲದ ಕಣ್ಣಿನ ಡಾಕ್ಟರು ಬರೆದುಕೊಟ್ಟ ಬೆರಳುದ್ದದ ಬಾಟಲಿ ಬೀರುವಿನಲ್ಲಿ ಸೀರೆಗಳ ನಡುವೆ ಹೋಗಿ ಕೂತದ್ದು ದೊಡ್ಡ ಸಂಗತಿಯೇನಲ್ಲ.

ಆಕೆಯ ಕಣ್ಣು ಒಣಗಿ ಬಹಳ ದಿನವಾಗಿತ್ತು. ರೆಪ್ಪೆ ಬಡಿದರೆ ಒಳಗೆ ಮರಳು ಉಜ್ಜಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಎದುರಿಗಿದ್ದವರ ಮುಖವೂ ಮಸುಕು. ಡಾಕ್ಟರು ಸಣ್ಣದೊಂದು ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಪಟ್ಟಿ ಹೆಚ್ಚುಕಡಿಮೆ ಒಣಗಿಯೇ ಇತ್ತು.

"ನಿಮ್ಮ ಕಣ್ಣಲ್ಲಿ ನೀರೇ ಊರ್ತಾ ಇಲ್ಲಮ್ಮ. ಎರಡೆರಡು ಗಂಟೆಗೆ ಈ ಡ್ರಾಪ್ಸ್ ಹಾಕ್ಕೊಳ್ಳಿ, ಉರಿ ಇರಲಿ, ಇಲ್ಲದೆ ಇರಲಿ. ಬಿಟ್ರೆ ಕರಿಗುಡ್ಡೆ ಮೇಲೆ ಗಾಯ ಆಗಿ ದೃಷ್ಟಿಗೇ ಕುತ್ತು ಬರುತ್ತೆ."

"ಏನಿದೆ ಸಾ ಇದ್ರಲ್ಲಿ?"

"ಕಣ್ಣೀರು ಅಂದ್ಕೊಳ್ಳಿ."

ಪಾಪ, ಡಾಕ್ಟರು ಸುಲಭವಾಗಿ ತಿಳಿಯಲಿ ಎಂದು ಹೇಳಿದ ಮಾತು. ಉಳಿದದ್ದೆಲ್ಲ ಗಾಳಿಗೆ ಹೋಗಿ ಅದೊಂದು ಮಾತ್ರ ಶಿವರತ್ನಮ್ಮನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಯಾಕೆಂದರೆ ಮಗಳು ಭವ್ಯಶ್ರೀಗೆ ಹನೂರಿನ ಗಂಡು ಗೊತ್ತಾಗಿತ್ತು. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಬೀಗಿತಿಯ ಕೈಗೆ ಇಡಬೇಕು. ಆಗ ಹೆತ್ತವಳ ಕಣ್ಣು ಒಣಗಿದ್ದರೆ ನೋಡಿದವರು ಏನೆಂದಾರು?

ನೋಡುವವರಲ್ಲಿ ಮೊದಲನೆಯವಳು ಗಂಡನ ಅಕ್ಕ ದೊಡ್ಡಬಸಮ್ಮ. ಯಾವ ಮದುವೆಯಲ್ಲಿ ಯಾವ ತಾಯಿ ಎಷ್ಟು ಅತ್ತಳು ಎಂಬುದು ಆಕೆಗೆ ಅಲ್ಲಿನ ಊಟದಷ್ಟೇ ಚೆನ್ನಾಗಿ ನೆನಪಿರುತ್ತದೆ. ಹೋದ ವರ್ಷ ದೊಡ್ಡಬಸಮ್ಮ ತನ್ನ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಶಿವರತ್ನಮ್ಮ ಅಳದೆ ನಿಂತಿದ್ದನ್ನು ಕಂಡು, "ನಮ್ ರತ್ನಿ ಕಲ್ಲು ಕಣ್ರವ್ವ" ಎಂದು ಬೀದಿಗೆಲ್ಲ ಹಂಚಿದ್ದಳು. ಆ ಮಾತು ಶಿವರತ್ನಮ್ಮನಿಗೆ ಕಣ್ಣುರಿಗಿಂತ ಹೆಚ್ಚು ಉರಿದಿತ್ತು.

ಅಂತೂ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತೆ, ಡಾಕ್ಟರು ಕೊಟ್ಟರೂ ಶಿವರತ್ನಮ್ಮ ತನ್ನ ಕಣ್ಣಿಗೆ ಒಂದು ಹನಿ ಕೊಡಲಿಲ್ಲ. ಭವ್ಯಶ್ರೀ ದಿನಾ ಸಂಜೆ ಕೇಳುತ್ತಿದ್ದಳು. "ಹಾಕಂಡೆ ಕಣವ್ವ, ತಂಪಾಗದೆ" ಎಂದು ಈಕೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಗಂಡ ಶಿವಮಲ್ಲಪ್ಪನನ್ನು ಕೇಳುವ ಹಾಗೇ ಇಲ್ಲ. ಹೋರಿಯ ಮೂಗು ಚುಚ್ಚಿ ಮೂಗುದಾರ ಪೋಣಿಸುವ ಆಸಾಮಿ, ಹೆಂಡತಿಯ ಕಣ್ಣಿಗೆ ಹನಿ ಬಿಡಿ ಎಂದು ಮಗಳು ಅಂದರೆ "ನನ್ ಕೈ ನಡುಗ್ತದೆ" ಎಂದು ಗದ್ದೆಯ ದಾರಿ ಹಿಡಿಯುತ್ತಿದ್ದ.

ಮದುವೆ ಯಳಂದೂರಿನ ಕಲ್ಯಾಣ ಮಂಟಪದಲ್ಲಿ ನಡೆಯಿತು. ತಾಳಿ ಆಯಿತು, ಊಟ ಆಯಿತು. ಇನ್ನು ಹೆಣ್ಣೊಪ್ಪಿಸುವುದೇ ಎಂದಾಗ ಶಿವರತ್ನಮ್ಮ ಕಂಬದ ಮರೆಗೆ ಹೋಗಿ, ಬಾಟಲಿಯ ಸೀಲು ಮುರಿದು, ಎರಡು ಕಣ್ಣಿಗೂ ಧಾರಾಳವಾಗಿ ಬಿಟ್ಟುಕೊಂಡಳು. ಕೆನ್ನೆ ಮೇಲೆ ನೀರು ಹರಿಯಿತು. ಹೆಮ್ಮೆಯಿಂದ ಹೊರಗೆ ಬಂದು ನೋಡಿದರೆ ಬೀಗಿತಿ ಇನ್ನೂ ಪಾಯಸದಲ್ಲಿದ್ದಳು. ಆಕೆ ಕೈತೊಳೆದು, ವೀಳ್ಯ ಹಾಕಿ, ಸೆರಗು ಸರಿಮಾಡಿಕೊಂಡು ಬರುವಷ್ಟರಲ್ಲಿ ವೇದಿಕೆಯ ದೊಡ್ಡ ಫ್ಯಾನು ಆ ಕಣ್ಣೀರನ್ನೆಲ್ಲ ಕುಡಿದು ಮುಗಿಸಿತ್ತು.

ಹಾಲಿನ ತಟ್ಟೆ ಬಂತು. ವಿಡಿಯೋದವನು ಮುಖಕ್ಕೇ ಲೈಟು ಹಿಡಿದ. ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ಎದುರಿಗಿದ್ದ ಮಗಳು ಬರೀ ಕೆಂಪು ಸೀರೆಯಾಗಿ ಕಂಡಳು. ಎದೆಯಲ್ಲಿ ದುಃಖ ಕಟ್ಟೆ ಒಡೆಯುತ್ತಿದೆ, ಕಣ್ಣಲ್ಲಿ ಮಾತ್ರ ಏನೂ ಇಲ್ಲ. ದೊಡ್ಡಬಸಮ್ಮ ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ. "ಮಗಳ ಕೈ ಹಿಡಕೊಳ್ಳೀಮ್ಮ" ಎಂದರು ಅಯ್ನೋರು. ಹಿಡಿಯುವುದು ಹೇಗೆ? ಮುಷ್ಟಿಯಲ್ಲಿ ಬಾಟಲಿ ಇದೆ.

ಭವ್ಯಶ್ರೀ ತಾನೇ ಆ ಮುಷ್ಟಿ ಬಿಡಿಸಿದಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಹೆಚ್ಚುಕಡಿಮೆ ತುಂಬಿಯೇ ಇತ್ತು.

"ಇಷ್ಟ್ ದಿನ ಹಾಕಂಡೇ ಇಲ್ವಾ ಅವ್ವ?"

"ಇವತ್ತಿಗೆ ಅಂತ ಎತ್ತಿಟ್ಟಿದ್ದೆ ಕಣವ್ವ." ಶಿವರತ್ನಮ್ಮನ ದನಿ ಸಣ್ಣಗಾಯಿತು. "ನಿನ್ನ ಕಳ್ಸುವಾಗ ಅಳ್ನಿಲ್ಲ ಅಂದ್ರೆ, ನಮ್ಮವ್ವಂಗೆ ನನ್ ಮೇಲೆ ಪ್ರೀತಿನೇ ಇರ್ನಿಲ್ಲ ಅಂದ್ಕತೀಯೇನೋ ಅಂತ."

ದೊಡ್ಡಬಸಮ್ಮ ಉದ್ದ ಮಾಡಿದ್ದ ಕತ್ತನ್ನು ಒಳಕ್ಕೆ ಎಳೆದುಕೊಂಡಳು, ಅದು ಊರವರಿಗೆ ಹೊಸದು.

"ನಾಳೆ ನಾ ತವರಿಗೆ ಬತ್ತಿನಿ," ಎಂದಳು ಭವ್ಯಶ್ರೀ. "ಬಾಗ್ಲಲ್ಲಿ ನಿಂತಿರೋಳು ನಿನ್ ಮಗಳು ಅಂತ ನಿಂಗೆ ಕಾಣಬೇಡ್ವಾ ಅವ್ವ?"

ಆಮೇಲೆ ಅವಳು ಮಾಡಿದ್ದು ಯಾವ ಶಾಸ್ತ್ರದಲ್ಲೂ ಇಲ್ಲ. ಅಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು, ಅವನ ಕೈ ಮೇಲೆ ಅವ್ವನ ಕೈ ಇಟ್ಟು, ಅದರ ಮೇಲೆ ಬಾಟಲಿ ಇಟ್ಟಳು.

"ಅಪ್ಪಾಜಿ, ಇಷ್ಟ್ ದಿನ ನಾನು ಕೇಳ್ತಿದ್ದೆ, ಅವ್ವ ಸುಳ್ಳೇಳ್ತಿದ್ಲು. ಇನ್ಮೇಲೆ ನೀವೇ ನಿಂತು ಹಾಕ್ಬೇಕು. ನಮ್ಮವ್ವನ್ನ ನಿಮ್ಗೆ ಒಪ್ಪಿಸ್ತಾ ಇವ್ನಿ."

ಹೋರಿ ಬಗ್ಗಿಸುವ ಶಿವಮಲ್ಲಪ್ಪ ಮಕ್ಕಳ ಹಾಗೆ ಗೊಳೋ ಎಂದ. ಬೀಗಿತಿ ಕಣ್ಣಿಗೆ ಸೆರಗು ಹಿಡಿದಳು. ದೊಡ್ಡಬಸಮ್ಮ ಎಲ್ಲರಿಗಿಂತ ಜೋರಾಗಿ ಅತ್ತಳು. ಅತ್ತದ್ದರ ಹೆಗ್ಗಳಿಕೆ ಬೇರೆಯವರಿಗೆ ಹೋಗಲು ಅವಳೇಕೆ ಬಿಟ್ಟಾಳು? ಶಿವಮಲ್ಲಪ್ಪ ಹೆಂಡತಿಯನ್ನು ಅಲ್ಲೇ ಕುರ್ಚಿಗೆ ಕೂರಿಸಿ ತಲೆ ಹಿಂದಕ್ಕೆ ಬಾಗಿಸಿದ. ಮೊದಲ ಹನಿ ಮೂಗಿನ ಮೇಲೆ ಬಿತ್ತು, ಎರಡನೆಯದು ಹಣೆಯ ವಿಭೂತಿಗೆ. ಬೈಸಿಕೊಂಡ ಮೇಲೆ ಗುರಿ ಕೂಡಿತು.

ಶಿವರತ್ನಮ್ಮ ಮೆಲ್ಲಗೆ ರೆಪ್ಪೆ ಬಡಿದಳು. ಮಂಜು ಸರಿದಂತೆ ಮಗಳ ಮುಖ ನಿಚ್ಚಳವಾಗಿ ಕಂಡಿತು. ಕಾಡಿಗೆ ಕರಗಿತ್ತು, ಪೌಡರು ಗೆರೆಗೆರೆಯಾಗಿತ್ತು, ಮೂಗಿನ ತುದಿ ಕೆಂಪಾಗಿತ್ತು. ಆ ಹುಡುಗಿ ಬೆಳಗಿನಿಂದಲೂ ಅಳುತ್ತಲೇ ಇದ್ದಳು. ತನ್ನ ಕಣ್ಣೀರಿನ ಚಿಂತೆಯಲ್ಲಿ ತಾಯಿ ಅದನ್ನು ನೋಡಿಯೇ ಇರಲಿಲ್ಲ.