ಆಷಾಢದಲ್ಲಿ ಏಳು ದ್ವೀಪ

ಏಳು ದ್ವೀಪಗಳು ನಿಗದಿಯಾಗಿದ್ದವು. ಸುನೀತಾ ಮಾತ್ರ ಇನ್ನೂ ಬರ್ತೀನಿ ಅಂದಿರಲಿಲ್ಲ.

ಬರಲ್ಲ ಅಂತಲೂ ಅಂದಿರಲಿಲ್ಲ, ಅದೇ ನನ್ನ ತಲೆ ತಿನ್ನುತ್ತಿದ್ದದ್ದು. ಬರಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ದೀಪಾವಳಿ ಮುಗಿದ ಮೇಲೆ ನಾವಿಬ್ಬರೂ ಅಂಡಮಾನಿಗೆ ಹೋಗುವ ವಿಷಯ ಪ್ರತಿ ಸಂಜೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದೆ. ಬೆಂಗಳೂರಿನಿಂದ ವಿಮಾನ, ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಬೆಳಗಾದರೆ ಹಡಗು, ಹ್ಯಾವ್‌ಲಾಕ್‌ನಲ್ಲಿ ಒಂದು ರಾತ್ರಿ, ನೀಲ್‌ನಲ್ಲಿ ಒಂದು ರಾತ್ರಿ, ಆಮೇಲೆ ಲಾಂಗ್ ಐಲ್ಯಾಂಡ್, ಆಮೇಲೆ ಬಾರಾಟಾಂಗ್, ಉತ್ತರಕ್ಕೆ ಹೋದರೆ ದಿಗ್ಲಿಪುರ, ಅಲ್ಲಿ ನೀರು ಇಳಿದಾಗ ಎರಡು ದ್ವೀಪಗಳ ನಡುವೆ ಮರಳಿನ ದಾರಿ ಏಳುತ್ತದೆ, ಗೊತ್ತಾ! ಅವಳು ಆ ಕಡೆಯಿಂದ "ಹಂಗಾ?" ಅನ್ನುತ್ತಿದ್ದಳು. "ಚೆನ್ನಾಗೈತೆ" ಅನ್ನುತ್ತಿದ್ದಳು. ಕೊನೆಗೆ "ಊಟ ಆಯ್ತಾ?" ಅನ್ನುತ್ತಿದ್ದಳು. ಅಷ್ಟೇ.

ನಮ್ಮ ಮದುವೆಯಾದದ್ದು ವೈಶಾಖದಲ್ಲಿ. ಆಷಾಢ ಬಂತು ಅನ್ನುವಷ್ಟರಲ್ಲಿ ಮಾವ ತಿಪ್ಪೇಸ್ವಾಮಿ ನಮ್ಮೂರು ರಾಯದುರ್ಗಕ್ಕೆ ಬಂದು ಮಗಳನ್ನು ಮಡಕಶಿರಾ ಹತ್ತಿರದ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಆಷಾಢದಲ್ಲಿ ಹೊಸ ಗಂಡ ಹೆಂಡತಿ ಒಂದು ಸೂರಿನಡಿ ಇರಬಾರದು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಅಳಿಯ ತನ್ನ ಅತ್ತೆಯ ಮನೆಗೆ ಕಾಲಿಡಬಾರದು, ಅವರಿಬ್ಬರು ಮುಖ ನೋಡಿಕೊಳ್ಳಬಾರದು. ಕನ್ನಡದವರ ಕಟ್ಟುಪಾಡು ಒಂದಿಷ್ಟು, ತೆಲುಗಿನವರದು ಒಂದಿಷ್ಟು. ಗಡಿಯಲ್ಲಿ ಹುಟ್ಟಿದ ತಪ್ಪಿಗೆ ನಮಗೆ ಎರಡೂ.

ನಾನು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಮಿಷನ್ ಸಾಲುಗಳ ನಡುವೆ ದಿನವಿಡೀ ಓಡಾಡುವುದೇ ಕೆಲಸ. ಒಬ್ಬರು ಜೇಬು ಹೊಲಿದು ಮುಂದಕ್ಕೆ ತಳ್ಳಿದರೆ ಇನ್ನೊಬ್ಬರು ಜಿಪ್ಪು, ಅವರ ಮುಂದಿನವರು ಸೊಂಟದ ಪಟ್ಟಿ. ಪ್ಯಾಂಟು ಎಲ್ಲೂ ನಿಲ್ಲಬಾರದು. ನನಗೆ ಆ ಓಟ ತುಂಬಾ ಇಷ್ಟ. ದ್ವೀಪಗಳನ್ನೂ ಹಾಗೆಯೇ ಜೋಡಿಸಿದ್ದೆ, ಒಂದು ಹಡಗು ಇಳಿದ ಕೂಡಲೇ ಮತ್ತೊಂದು. ಪಕ್ಕದಲ್ಲೇ ಬಟ್ಟೆ ಕತ್ತರಿಸುವ ಹೊನ್ನೂರಪ್ಪನಿಗೆ ದಿನಾ ಇದೇ ಕಥೆ.

"ಅಲ್ಲಲೇ ಭರತ, ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ ನೀನು. ಒಮ್ಮೆಗೇ ಏಳು ದ್ವೀಪ ಬೇಕೇನು?"

"ಅದಕ್ಕ ಅಣ್ಣ. ಒಂದ್ಸಲ ಹೋದ್ರ ಎಲ್ಲಾ ಮುಗಿಸ್ಕೊಂಡ ಬರಬೇಕು."

"ಮುಗಿಸಾಕ ಅದೇನು ಆರ್ಡರ್ರಾ? ಆ ತಂಗಿ ಏನಂತಾಳ?"

"ಚೆನ್ನಾಗೈತೆ ಅಂತಾಳ."

ಹೊನ್ನೂರಪ್ಪ ಕತ್ತರಿ ಕೆಳಗಿಟ್ಟು ನಕ್ಕ. "ನಾನು ಸೀರಿ ತಂದಾಗೆಲ್ಲ ನಮ್ಮಾಕಿನೂ ಹಂಗ ಅಂತಾಳ. ಸೀರಿ ಎಲ್ಲಾ ಟ್ರಂಕಿನಾಗ ಅದಾವು. ನೀನು ಟಿಕೆಟ್ ತಗೊಳ್ಳೋಕಿಂತ ಮೊದ್ಲು ಆಕಿ ಮುಖ ನೋಡಿ ಕೇಳು."

ಆ ಮಾತು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಬೆಳಗ್ಗೆ ಶರ್ಟು ಹಾಕಿಕೊಳ್ಳುತ್ತಿದ್ದಾಗ ನಮ್ಮಮ್ಮ ನಾಗರತ್ನ ಬಾಗಿಲಿಗೆ ಅಡ್ಡ ನಿಂತಳು.

"ಆಷಾಢದಾಗ ಅತ್ತಿ ಮನಿಗೆ ಹೋಗ್ತಾರೇನ? ಊರು ನಗತೈತಿ."

"ಮನಿಗಲ್ಲಮ್ಮ, ಊರಿಗೆ. ಒಳಗ ಕಾಲಿಡಂಗಿಲ್ಲ."

"ಬಿಡೇ, ಹೋಗ್ಲಿ," ಅಂದ ಅಪ್ಪ ಒಳಗಿನಿಂದ. "ಇಲ್ಲಿದ್ರೂ ಅಡ್ಡಾಡಿ ನೆಲ ಸವಸ್ತಾನ ಅಷ್ಟ."

ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಪಾವಗಡಕ್ಕೆ ಇನ್ನೊಂದು, ಅಲ್ಲಿಂದ ಮಡಕಶಿರಾಕ್ಕೆ ಮತ್ತೊಂದು. ದಾರಿಯುದ್ದಕ್ಕೂ ಫೋನಿನಲ್ಲಿ ಹಡಗಿನ ವೇಳೆಗಳನ್ನು ತಿದ್ದುತ್ತಾ ಕೂತೆ. ಪಾವಗಡ ದಾಟುವಷ್ಟರಲ್ಲಿ ಎಂಟನೆಯ ದ್ವೀಪವೂ ಸೇರಿಕೊಂಡಿತು.

ಹಳ್ಳಿಯಲ್ಲಿ ಆಟೋ ಇಳಿದಾಗ ಮಾವ ಮನೆ ಪಕ್ಕದ ಕುರಿ ರೊಪ್ಪದ ಬೇಲಿಗೆ ಮುಳ್ಳು ಬಿಗಿಯುತ್ತಿದ್ದರು. ನನ್ನನ್ನು ನೋಡಿ ಬನ್ನಿ ಅನ್ನಲಿಲ್ಲ. ಮನೆಯ ಕಡೆ ತಿರುಗಿ ಅತ್ತೆಯನ್ನು ಕೂಗಿದರು.

"ಜುಂಜಮ್ಮಾ! ಒಳಿಕ್ಕೋಗು! ಅಳಿಯಂದ್ರು ಬಂದವ್ರೆ!"

ಒಳಗೆ ಏನೋ ಪಾತ್ರೆ ಬಿದ್ದ ಸದ್ದು, ಯಾರೋ ಓಡಿದ ಸದ್ದು, ಬಾಗಿಲು ದಡಾರನೆ ಮುಚ್ಚಿದ ಸದ್ದು.

"ಅಲ್ಲ ಕಣಪ್ಪ, ಒಂದ್ ಫೋನಾದ್ರೂ ಮಾಡ್ಬಾರ್ದಾ? ಆಷಾಢ ಇನ್ನ ಮುಗುದಿಲ್ಲ," ಅಂದರು ಮಾವ, ಕೈಯ ಮುಳ್ಳು ತೆಗೆಯುತ್ತಾ.

"ಒಳಗ ಬರಂಗಿಲ್ಲ ಮಾವ. ಸುನೀತಾ ಹತ್ರ ಒಂದು ಮಾತು ಕೇಳಿ ಹೋಗ್ತೀನಿ. ಇಲ್ಲೇ ಜಗಲಿ ಮ್ಯಾಲೆ ಕುಂದರ್ತೀನ್ರಿ."

"ಜಗ್ಲಿ ಮನೆ ಲೆಕ್ಕಾನೋ, ಬೀದಿ ಲೆಕ್ಕಾನೋ?" ಮಾವ ನಿಜವಾಗಿಯೂ ಯೋಚನೆಗೆ ಬಿದ್ದರು.

ಮುಚ್ಚಿದ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಹೊಸ್ಲು ಒಳಗಿದ್ರೆ ಮನೆ. ಕೂತ್ಕಳ್ಳಿ ಬಿಡು. ಮುಖ ತೋರುಸ್ಬಾರ್ದು ಅಂತೈತೆ, ಮಾತಾಡ್ಬಾರ್ದು ಅಂತ ಎಲ್ಲೈತೆ?"

ಬಾಗಿಲು ಒಂದು ಗೇಣು ತೆರೆದು ಸುನೀತಾ ಹೊರಗೆ ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ಬಿತ್ತನೆಗೆ ಸುಲಿಯುತ್ತಿದ್ದ ಕಡಲೆಕಾಯಿಯ ಮೊರ. ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಳು. ಅವಳನ್ನು ನೋಡಿದ ತಕ್ಷಣ ಏನು ಹೇಳಬೇಕೋ ಮರೆತುಹೋಯಿತು, ಅದಕ್ಕೇ ಫೋನು ತೆಗೆದೆ.

"ಇಲ್ಲಿ ನೋಡು, ಇದು ಹ್ಯಾವ್‌ಲಾಕ್. ಇದು ನೀಲ್. ಇದು ಆ ಮರಳಿನ ದಾರಿ. ಇದು..." ಬೆರಳು ಓಡುತ್ತಲೇ ಇತ್ತು. ಅವಳು ಜಗಲಿಯ ಆ ತುದಿಯಲ್ಲಿ ಕೂತು ಕಾಯಿ ಸುಲಿಯುತ್ತಾ ನೋಡುತ್ತಿದ್ದಳು.

"ಸುನೀತಾ, ಅಲ್ಲಿ ಕುಡಿಯಾಕೆ ಸಿಹಿನೀರು ಸಿಗುತ್ತಂತಾ?" ಬಾಗಿಲು ಕೇಳಿತು.

"ನೀನೇ ಕೇಳಮ್ಮ, ಇಲ್ಲೇ ಕೂತವ್ರೆ."

"ಎಲ್ಲಾ ಸಿಗತದ್ರಿ ಅತ್ತೆ," ಅಂದೆ ಬಾಗಿಲಿಗೆ.

"ಕುರಿ ಅವೆಯಾ?"

"ಗೊತ್ತಿಲ್ರಿ. ಆಮೆ ಅದಾವು."

"ಆಮೆ ಕಟ್ಕಂಡು ಏನ್ ಮಾಡಾದು!"

ಸುನೀತಾ ನಕ್ಕಳು. ಅದೇ ಒಳ್ಳೆಯ ಸಮಯ ಅಂದುಕೊಂಡು ಎಂಟು ದ್ವೀಪಗಳನ್ನೂ ಸಾಲಾಗಿ ಹೇಳಿದೆ. ಅವಳು ನಡುವೆ ಕೇಳಿದಳು, "ಎಲ್ಲಾ ಕಡೆಗೂ ಒಂದೊಂದೇ ರಾತ್ರೀನಾ?"

"ಹೂಂ."

"ಬೆಳಗ್ಗೆ ಎಷ್ಟೊತ್ತಿಗೆ ಏಳ್ಬೇಕು?"

"ಕತ್ತಲಾಗ ಎದ್ದ್ರ ಮೊದಲ್ನೇ ಹಡಗು ಸಿಗತದ."

ಅವಳು ಮೊರ ಪಕ್ಕಕ್ಕಿಟ್ಟಳು.

"ರೀ, ಮದ್ವೆ ಆದ್ಮೇಲೆ ನಾವು ಎಷ್ಟ್ ಮನೆಗೆ ಊಟಕ್ಕೆ ಹೋದ್ವಿ?"

"ಯಾರಿಗೆ ನೆನಪದ. ಕರೆದೋರ ಮನಿಗೆಲ್ಲ ಹೋದ್ವಿ."

"ಬೊಮ್ಮನಹಾಳ್‌ನಲ್ಲಿ ನಿಮ್ ದೊಡ್ಡಮ್ಮ. ಗುಮ್ಮಘಟ್ಟದಲ್ಲಿ ನಿಮ್ ಸೋದರತ್ತೆ. ಬಳ್ಳಾರೀಲಿ ಚಿಕ್ಕಪ್ಪ. ಒಂದೊಂದ್ ಮನೇಲಿ ಒಂದೊಂದ್ ರಾತ್ರಿ. ಎದ್ದ ತಕ್ಷಣ ಬಚ್ಚಲು ಎಲ್ಲೈತೆ ಅಂತ ಹೊಸಬ್ರನ್ನ ಕೇಳ್ಬೇಕು. ನಾನು ಬ್ಯಾಗಿಂದ ಸೀರೆ ತೆಗೆಯೋಕೆ ಮುಂಚೆ ನೀವು 'ಬಸ್ಸು ಹೊಂಟತಿ, ಬಾ' ಅಂತ ಬಾಗ್ಲಲ್ಲಿ ನಿಂತಿರ್ತೀರ. ನಿಮ್ಮ ಅಂಡಮಾನೂ ಅದೇ ಕಣ್ರೀ. ದೊಡ್ಡಮ್ಮಂದ್ರ ಬದ್ಲು ಸಮುದ್ರ ಐತೆ, ಅಷ್ಟೇ."

ಬಾಗಿಲ ಹಿಂದೆ ಕಿಸಕ್ಕನೆ ನಗು. ಮಾವ ಕೆಮ್ಮಿ, ಏನೋ ಕೆಲಸ ನೆನಪಾದವರಂತೆ ರೊಪ್ಪದ ಹಿಂದಕ್ಕೆ ನಡೆದರು.

ನಾನು ಅವಳ ಕಡೆ ತಿರುಗಿದೆ. "ಮತ್ತ ಫೋನಿನಾಗ ಚೆನ್ನಾಗೈತೆ ಅಂತಿದ್ದಿ?"

"ನೀವು ಉಸ್ರು ತಗಳ್ಳೋದು ಯಾವಾಗ, ನಾನು ಮಾತಾಡೋದು ಯಾವಾಗ? ಕೊನೆಗೆ ಒಂಚೂರು ಜಾಗ ಸಿಗ್ತಿತ್ತು. ಅಷ್ಟು ಜಾಗದಲ್ಲಿ ಊಟ ಆಯ್ತಾ ಅಂತ ಕೇಳ್ಬಿಡ್ತಿದ್ದೆ."

"ಹಂಗಾದ್ರ ಬರಂಗಿಲ್ಲೇನು?"

"ಹಿಂಗಾದ್ರೆ ಬರಲ್ಲ. ನೀವೊಬ್ರೇ ಹೋಗ್ಬನ್ನಿ. ಜೊತೆ ಬೇಕಂದ್ರೆ ಹೊನ್ನೂರಪ್ಪಣ್ಣನ್ನ ಕರ್ಕಂಡೋಗಿ."

ಜಗಲಿಯಿಂದ ಇಳಿದು ಬೀದಿಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದೆ. ಸಿಟ್ಟು ಬಂದಿತ್ತು ಅಂದುಕೊಂಡಿದ್ದೆ, ಆದರೆ ಅದು ಸಿಟ್ಟಲ್ಲ, ಹೆದರಿಕೆ. ರಾಯದುರ್ಗದ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳು, ಟಿವಿ. ನಾವಿಬ್ಬರೇ ಇಡೀ ಒಂದು ಹಗಲು ಕಳೆದದ್ದೇ ಇಲ್ಲ. ಹಡಗು ಹಿಡಿಯುವ ಅವಸರವಿದ್ದರೆ ಮಾತಿಗೆ ಬರವಿಲ್ಲ. ಏಳು, ನಡಿ, ಚೀಟಿ ಎಲ್ಲಿ, ಬ್ಯಾಗು ಎಲ್ಲಿ. ಹಡಗೇ ಇಲ್ಲದಿದ್ದರೆ? ಬಂದು ಅವಳ ಮುಂದೆ ನಿಂತೆ. ಬಾಯಿಂದ ತಾನಾಗಿಯೇ ಬಂತು.

"ಒಂದ ಕಡಿ ಅಷ್ಟು ದಿನ ಕುಂತ್ರ ನಾವಿಬ್ರು ಏನ್ ಮಾತಾಡಾಣ?"

ಸುನೀತಾ ತಲೆ ಎತ್ತಿ ನೋಡಿದಳು.

"ಈಗ ಏನ್ ಮಾಡ್ತಿದೀವಿ?"

"ಈಗ ಜಗಳ ಆಡಾಕತ್ತೀವಿ."

"ಅಲ್ಲೂ ಒಂದಿನ ಅದಾಯ್ತು. ಮಾತು ಮುಗುದ್ರೆ ಸುಮ್ನೆ ಕೂತ್ಕಳಾದು."

"ನನಗ ಸುಮ್ನ ಕುಂದ್ರಾಕ ಬರಂಗಿಲ್ಲ."

"ಅದು ಇಡೀ ಊರಿಗೆ ಗೊತ್ತು," ಅಂದಿತು ಬಾಗಿಲು.

"ಅಮ್ಮಾ, ನೀನು ಸುಮ್ನಿರು." ಸುನೀತಾ ಕೈ ಚಾಚಿದಳು. "ಕೊಡಿ ಇಲ್ಲಿ ಫೋನು."

ಅವಳು ಒಂದು ಚಿತ್ರವನ್ನು ಅದೆಷ್ಟು ಹೊತ್ತು ನೋಡಿದಳೆಂದರೆ ಪರದೆ ಆರಿಹೋಯಿತು. ಮತ್ತೆ ಬೆಳಗಿಸಿ ಅದನ್ನೇ ನೋಡಿದಳು. ನಾನು ಮುಂದಿನದಕ್ಕೆ ಸರಿಸಲು ಬೆರಳು ಹಾಕಿದೆ.

"ಮುಟ್ಬ್ಯಾಡಿ."

"ಸುನೀ, ನಂಗೂ ತೋರ್ಸೇ," ಅಂದರು ಅತ್ತೆ. ಅವಳು ಎದ್ದು ಫೋನಿನ ಸಮೇತ ಒಳಗೆ ಹೋಗಿಬಿಟ್ಟಳು. ಬಾಗಿಲು ಮತ್ತೆ ಮುಚ್ಚಿತು.

ನಾನು ಹೊರಗೆ. ಕೈಯಲ್ಲಿ ಫೋನಿಲ್ಲ. ಗಂಟೆ ಎಷ್ಟಾಯಿತು ಗೊತ್ತಿಲ್ಲ. ಎದ್ದೆ, ಕೂತೆ. ಮೊರ ಎಳೆದುಕೊಂಡು ಕಡಲೆಕಾಯಿ ಸುಲಿದೆ, ಅವಸರಕ್ಕೆ ಬೀಜವೆಲ್ಲ ಹೋಳಾದವು. ಹೋಳಾದ ಬೀಜ ಮೊಳೆಯುವುದಿಲ್ಲ ಅಂತ ನೆನಪಾಗಿ ಅವನ್ನು ಬಾಯಿಗೆ ಹಾಕಿಕೊಂಡೆ. ಒಳಗಿನಿಂದ ಮಾತು ಕೇಳುತ್ತಿತ್ತು.

"ಇದೇನೇ, ಬರೀ ಕಲ್ಲು?"

"ಗವಿ ಅಂತಮ್ಮ."

"ಕಲ್ಲು ನೋಡಾಕೆ ಅಲ್ಲಿಗಂಟ ಹೋಗ್ಬೇಕಾ? ಅವರೂರಲ್ಲಿ ಬೆಟ್ಟಾನೇ ಐತಲ್ಲ. ತೆಗಿ ಅತ್ಲಾಗೆ."

"ಅತ್ತೆ, ಅದನ್ನ ಅಳಿಸಬ್ಯಾಡ್ರಿ!" ನಾನು ಜಗಲಿಯಿಂದಲೇ ಕೂಗಿದೆ. "ಅದು ಸುಣ್ಣದಕಲ್ಲಿನ ಗವಿರಿ! ಭಾಳ ಹಳೇದು!"

"ಅಷ್ಟ್ ದಿನ ಇದ್ದದ್ದು ಇನ್ನೊಂದ್ ವರ್ಷ ಇರಲ್ವಾ?"

ಗವಿಯ ಜೊತೆ ಬಾರಾಟಾಂಗ್ ಹೋಯಿತು. ಬಸ್ಸಿನ ದಾರಿ ಉದ್ದವಾಯಿತು ಅಂತ ದಿಗ್ಲಿಪುರ ಹೋಯಿತು. ಹ್ಯಾವ್‌ಲಾಕ್‌ನಲ್ಲಿ ಜನ ಜಾಸ್ತಿ ಅಂತ ಸುನೀತಾಳ ದನಿ ಕೇಳಿಸಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲ ಸಂದಿಗೆ ಬಾಯಿಟ್ಟು "ಅದೊಂದು ಬಿಡ್ರಿ, ಅದ ಮೇನ್ ಜಾಗ!" ಅನ್ನುವಷ್ಟರಲ್ಲಿ ಬಾಗಿಲು ನನ್ನ ಭಾರಕ್ಕೆ ಸ್ವಲ್ಪ ಒಳಗೆ ಸರಿಯಿತು.

"ಕಾಲು! ಕಾಲು!" ಅತ್ತೆ ಚೀರಿದರು. "ಹೊಸ್ಲು ಮೇಲೆ ಕಾಲು ಬಂತು ಕಣೇ!"

ಹಿಂದಕ್ಕೆ ಹಾರಿದೆ. ಚೊಂಬು ಉರುಳಿ ಜಗಲಿಯೆಲ್ಲ ನೀರಾಯಿತು. ರೊಪ್ಪದ ಹಿಂದಿನಿಂದ ಮಾವನ ತಲೆ ಮೇಲೆದ್ದು ನನ್ನನ್ನು ನೋಡಿ ಮತ್ತೆ ಇಳಿಯಿತು. ಇಷ್ಟು ದಿನ ಕೂತು ಜೋಡಿಸಿದ್ದನ್ನೆಲ್ಲ ಇಬ್ಬರು ಹೆಂಗಸರು ಬಾಗಿಲ ಹಿಂದೆ ಕಿತ್ತುಹಾಕುತ್ತಿದ್ದರು. ಒಳಗೆ ಹೋಗಿ ಕಸಿದುಕೊಳ್ಳುವಂತೆಯೂ ಇರಲಿಲ್ಲ.

"ಇದು ನೋಡಮ್ಮ," ಅಂದಳು ಸುನೀತಾ. ಅವಳ ದನಿ ಈಗ ಬೇರೆಯಾಗಿತ್ತು. "ತರಕಾರಿ ತೋಟ ಐತೆ. ಅದರ ಹಿಂದುಗಡೇನೇ ಸಮುದ್ರ."

"ಬದ್ನೆ ಗಿಡ ಕಣೇ ಅದು! ಆಡು ಬ್ಯಾರೆ ಕಟ್ಟವ್ರೆ. ಇಲ್ಲಾದ್ರೆ ಇರಬೋದು."

ನೀಲ್! ಅದು ನೀಲ್ ದ್ವೀಪ. ನನ್ನ ಪಟ್ಟಿಯಲ್ಲಿ ಅಲ್ಲಿ ಇಳಿಯುವುದು ಮಧ್ಯಾಹ್ನ, ಹೊರಡುವುದು ಮರುದಿನ ಬೆಳಗ್ಗೆ. ತೋಟದ ಆ ಚಿತ್ರವನ್ನು ನಾನೇ ಉಳಿಸಿಕೊಂಡಿರಬೇಕು, ಯಾವಾಗ ಎಂದು ನನಗೇ ಗೊತ್ತಿರಲಿಲ್ಲ.

ಸುನೀತಾ ಹೊರಗೆ ಬಂದು ಫೋನು ಕೊಟ್ಟಳು. ಪಟ್ಟಿಯಲ್ಲಿ ಎಂಟು ದ್ವೀಪ ಇದ್ದಲ್ಲಿ ಒಂದೇ ಇತ್ತು. ಎಲ್ಲ ರಾತ್ರಿಗಳೂ ಅದರ ಮುಂದೆಯೇ.

"ಇಲ್ಲಿಗಾದ್ರೆ ಬತ್ತೀನಿ," ಅಂದಳು. "ಸೀರೆ ತಗುದು ಗೂಟಕ್ಕೆ ಹಾಕ್ತೀನಿ. ಹೊರಡೋವರ್ಗೂ ಅಲ್ಲೇ ಇರ್ಬೇಕು."

"ಪಕ್ಕದಾಗ ಇನ್ನೊಂದು ದ್ವೀಪ ಇರ್ತದ. ಹಂಗ ಹೋಗಿ ಹಿಂಗ ಬರಬಹುದು, ಬರೇ..."

ಅವಳು ನನ್ನನ್ನೇ ನೋಡುತ್ತಿದ್ದಳು. ಫೋನನ್ನು ಜೇಬಿಗೆ ಇಳಿಸಿದೆ.

"ಆಯ್ತು. ಒಂದ."

"ನಿಮ್ ಕೈಲಿ ಆಗುತ್ತಾ?"

"ಗೊತ್ತಿಲ್ಲ ಸುನೀತಾ. ಸುಳ್ಳು ಯಾಕ ಹೇಳ್ಲಿ."

"ಬಸ್ಸಿಗೆ ಇನ್ನ ಹೊತ್ತೈತೆ. ಇಲ್ಲೇ ಕೂತ್ಕಂಡು ನೋಡಿ."

ಒದ್ದೆಯಾಗದ ಜಾಗ ಹುಡುಕಿ ಇಬ್ಬರೂ ಕೂತೆವು. ಅವಳು ಮೊರವನ್ನು ಎತ್ತಿ ನಮ್ಮಿಬ್ಬರ ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಸುಲಿಯತೊಡಗಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಕುರಿಗಳು ಮೇಯಲು ಹೋಗಿದ್ದವು. ಎಷ್ಟೋ ಹೊತ್ತು ನಾನು ಒಂದು ಮಾತೂ ಆಡಲಿಲ್ಲ, ಅವಳೂ ಆಡಲಿಲ್ಲ. ನನ್ನ ಕಾಲು ಮಾತ್ರ ನನ್ನ ಮಾತು ಕೇಳದೆ ಕುಣಿಯುತ್ತಲೇ ಇತ್ತು. ಮೊರದಲ್ಲಿ ಕಡಲೆಬೀಜಗಳು ಒಂದೇ ಸಮನೆ ಗಲಗಲ ಅನ್ನುತ್ತಿದ್ದವು.

"ಏನೇ ಅದು ಸದ್ದು?" ಅತ್ತೆ ಒಳಗಿನಿಂದ ಕೇಳಿದರು.

"ಏನಿಲ್ಲ ಕಣಮ್ಮ," ಅಂದಳು ಸುನೀತಾ. "ನಿನ್ನಳಿಯ ಸುಮ್ನೆ ಕೂತವ್ರೆ."