ಐದನೆಯ ಪುಟ ಎರಡು ಸಲ

"ಇದನ್ನ ಸ್ವಲ್ಪ ನೋಡ್ತೀರಾ, ಗ್ಲೆನಿಸ್?" ಎನ್ನುತ್ತ ಡಾ. ಲಿಂಟನ್ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು.

ಗ್ಲೆನಿಸ್‌ಗೆ ಮೊದಲು ಏನೂ ಹೊಳೆಯಲಿಲ್ಲ. ಎರಡರಲ್ಲೂ ತನ್ನದೇ ಕೆಂಪು ಗುರುತುಗಳಿದ್ದವು. ಒಂದರ ಅಂಚಿನಲ್ಲಿ 'ಒಳ್ಳೆಯ ವಿಚಾರ' ಎಂದು ಬರೆದಿದ್ದಳು, ಇನ್ನೊಂದರಲ್ಲಿ 'ಇನ್ನಷ್ಟು ವಿವರಿಸಿ' ಎಂದು. ಆಮೇಲೆ ಈ ಹಾಳೆಯ ಮೊದಲ ಸಾಲು ಓದಿದಳು, ಆ ಹಾಳೆಯ ಮೊದಲ ಸಾಲು ಓದಿದಳು. ಕಿವಿ ಬಿಸಿಯಾಯಿತು. ಎರಡೂ ಒಂದೇ. ವಿದ್ಯಾರ್ಥಿನಿ ಲೊರೇನಳ ಪ್ರಬಂಧದ ಐದನೆಯ ಪುಟ ಎರಡು ಸಲ ಅಚ್ಚಾಗಿತ್ತು. ಆರನೆಯದು ಇರಲೇ ಇಲ್ಲ. ಕೊನೆಯ ಪುಟದ ಕೆಳಗೆ ಕೆಂಪಿನಲ್ಲಿ ಅವಳು ಕೊಟ್ಟ ಅರವತ್ತೊಂದು, ಅದರ ಪಕ್ಕ ಸಹೋದ್ಯೋಗಿ ಕ್ಲೈವ್‌ನ ಹಸಿರು ಅಕ್ಷರ: 'ಒಪ್ಪಿದ್ದೇನೆ. 61.'

ಅದು ಕೊಳಾಯಿ ಕೆಲಸ, ಅಡುಗೆ, ಕೇಶಾಲಂಕಾರ ಕಲಿಸುವ ಊರಿನ ಕಾಲೇಜು. ಮೇಲಿನ ಮಹಡಿಯ ಎರಡು ಕೋಣೆಗಳಲ್ಲಿ ಮಾತ್ರ ಪದವಿಯ ಮೊದಲೆರಡು ವರ್ಷ ನಡೆಯುತ್ತಿತ್ತು. ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಇಲ್ಲಿ ಕೊಟ್ಟ ಅಂಕಕ್ಕೂ ಅಲ್ಲಿ ಕೊಟ್ಟ ಅಂಕಕ್ಕೂ ಒಂದೇ ತೂಕ ಇದೆಯೇ ಎಂದು ನೋಡಲು ಪ್ರತಿ ಜೂನ್‌ನಲ್ಲಿ ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಿದ್ದರು. ಪ್ರತಿ ಪ್ರಬಂಧವನ್ನೂ ಇಬ್ಬರು ಬೇರೆಬೇರೆಯಾಗಿ ಓದಬೇಕು ಎಂಬುದು ನಿಯಮ. ಮೊದಲನೆಯವರದು ಕೆಂಪು, ಎರಡನೆಯವರದು ಹಸಿರು. ವಾರಕ್ಕೆ ಇಪ್ಪತ್ತಾರು ಗಂಟೆ ಪಾಠ ಮಾಡಿ ಬಂದ ಗ್ಲೆನಿಸ್ ಮತ್ತು ಕ್ಲೈವ್ ಊಟದ ಹೊತ್ತಿನಲ್ಲಿ ಕಟ್ಟುಗಳನ್ನು ಅದಲುಬದಲು ಮಾಡಿಕೊಂಡು, ಒಂದು ಕೈಯಲ್ಲಿ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಹಸಿರು ಪೆನ್ನು ಹಿಡಿದು ಮುಗಿಸುತ್ತಿದ್ದರು. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು. ಪರೀಕ್ಷಕರಿಗೆ ತೋರಿಸುವ ನಾಲ್ಕು ಪ್ರಬಂಧಗಳನ್ನು ಗ್ಲೆನಿಸಳೇ ಆರಿಸುತ್ತಿದ್ದಳು. ಆ ನಾಲ್ಕನ್ನು ಮಾತ್ರ ಇಬ್ಬರೂ ಚೆನ್ನಾಗಿ ಓದಿರುತ್ತಿದ್ದರು. ಈ ಸಲ ಪರೀಕ್ಷಕರಾಗಿ ಬಂದ ಡಾ. ಲಿಂಟನ್ ಹಾಜರಿ ಪಟ್ಟಿ ತರಿಸಿಕೊಂಡು, ಹೆಸರುಗಳ ಮೇಲೆ ಬೆರಳಾಡಿಸಿ, ತಾವೇ ನಾಲ್ವರನ್ನು ಆರಿಸಿದ್ದರು.

"ಒಂದೊಂದ್ಸಲ ಹಾಳೆಗಳು ಕಲೆತು ಹೋಗ್ತವೆ," ಎಂದರು ಲಿಂಟನ್, ಮೆಲ್ಲಗೆ.

"ಲೊರೇನ್ ಕೊಟ್ಟಿದ್ದೇ ಹಾಗೆ," ಎಂದಳು ಗ್ಲೆನಿಸ್. "ಅವಳು ಸ್ವಲ್ಪ ಗಡಿಬಿಡಿ ಹೆಂಗಸು."

ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳುವ ದಾರಿ ಇರಲಿಲ್ಲ. ಲಿಂಟನ್ ಕನ್ನಡಕ ತೆಗೆದು ಒರೆಸಿಕೊಂಡರು.

"ಇರಬಹುದು. ನಾನು ಅವರ ವಿಷಯ ಕೇಳ್ತಿಲ್ಲ."

ತರಗತಿಯ ಹದಿನಾಲ್ಕೂ ಪ್ರಬಂಧಗಳನ್ನು ಗುರುವಾರದೊಳಗೆ ಮತ್ತೆ ಓದಬೇಕು, ಎರಡನೆಯ ಓದು ವಿಶ್ವವಿದ್ಯಾಲಯದವರದು, ಅಲ್ಲಿಯವರೆಗೆ ಯಾವ ಅಂಕವೂ ಲೆಕ್ಕಕ್ಕಿಲ್ಲ ಎಂದು ಅವರು ಬರೆದುಕೊಟ್ಟು ಹೋದರು. ಮೂರನೆಯ ವರ್ಷಕ್ಕೆ ಐವತ್ತೈದು ಬೇಕು. ಲೊರೇನಳಿಗೆ ಸೀಟು ಸಿಕ್ಕಿದ್ದು ಆ ಅರವತ್ತೊಂದರ ಮೇಲೆ.

ಕ್ಲೈವ್ ಕೆಳಗೆ, ಕೂದಲಿನ ಬಣ್ಣದ ವಾಸನೆ ತುಂಬಿದ ಪಡಸಾಲೆಯಲ್ಲಿ ಕಾಯುತ್ತಿದ್ದ.

"ನೀನು ಓದಿರ್ತೀಯ ಅಂತ ನಾನು ಅಂಕ ಹಾಕ್ದೆ ಕಣೇ," ಎಂದ.

"ನೀನು ಓದ್ತೀಯ ಅಂತ ನಾನು."

"ಹಂಗಾದ್ರೆ ಅದನ್ನ ಓದಿದ್ದು ಲೊರೇನ್ ಒಬ್ಳೇ. ಪ್ರಿಂಟ್ ಆದ್ಮೇಲೆ ಅವಳೂ ಓದ್ಲಿಲ್ಲ!" ಕ್ಲೈವ್ ನಗಲು ಹೋಗಿ ನಿಲ್ಲಿಸಿದ. "ನೋಡು, ತಪ್ಪನ್ನ ಪ್ರಿಂಟರ್ ಮೇಲೆ ಹಾಕ್ಬಿಡು. ಒಂದು ಪುಟ ತಪ್ಪಿದೆ, ತಗೊಂಡ್ ಬಾ ಅನ್ನು, ಸಾಕು. ಉಳಿದದ್ದು ಅವಳಿಗ್ಯಾಕೆ?"

ಗ್ಲೆನಿಸ್ ಲೊರೇನಳಿಗೆ ಫೋನಿನಲ್ಲಿ ಹೇಳಿದ್ದೂ ಅಷ್ಟನ್ನೇ.

ಲೊರೇನ್ ನಾಲ್ಕೂವರೆಗೆ ಶಿಶುವಿಹಾರದ ಕೆಲಸ ಮುಗಿಸಿ ನೇರ ಬಂದಳು. ಕೋಟಿನ ತೋಳಿಗೆ ನೀಲಿ ಬಣ್ಣ ಅಂಟಿತ್ತು. ಹದಿನಾರಕ್ಕೆ ಶಾಲೆ ಬಿಟ್ಟವಳು, ಈಗ ನಲವತ್ತಮೂರು.

"ನನ್ನಿಂದ ನಿಮಗೆ ಎಂಥಾ ಪಜೀತಿ! ಆ ಲೈಬ್ರರಿ ಪ್ರಿಂಟರ್ ಕಾಗದ ಕಚ್ಕೊಳ್ತು, ಹಿಂದಿನವರು ಗೊಣಗ್ತಿದ್ರು, ನಾನು ಸಿಕ್ಕಿದ್ದನ್ನೆಲ್ಲ ಬಾಚ್ಕೊಂಡು ಬಂದೆ. ನಮ್ಮಕ್ಕ ಯಾವಾಗ್ಲೂ ಅಂತಾಳೆ, ನಿನ್ನ ತಲೇನ ಎಲ್ಲಾದ್ರೂ ಮರೆತು ಬರ್ತೀಯ ಅಂತ." ಚೀಲದಿಂದ ಒಂದು ಹಾಳೆ ತೆಗೆದಳು. "ಇದೇ ಆರನೇದು. ಕ್ಲಾಸಲ್ಲಿ ತೋರಿಸಿ ವಾಪಸ್ ತಗೊಂಡ್ರಲ್ಲ, ಆಗ್ಲೂ ನಂಗೆ ಕಾಣ್ಲಿಲ್ಲ ನೋಡಿ. 'ಒಳ್ಳೆಯ ವಿಚಾರ' ಅಂತ ಬರೆದಿದ್ರಲ್ಲ, ಅಲ್ಲೇ ನಿಂತ್ಬಿಟ್ಟೆ. ಅಮ್ಮಂಗೆ ಫೋನ್ ಮಾಡಿ ಹೇಳ್ದೆ. ಯಾವ ವಿಚಾರ ಅಂತ ಕೇಳಿದ್ಲು. ನಾನೂ ಬಿಡ್ಲಿಲ್ಲ, ಪೂರ್ತಿ ಹೇಳ್ದೆ."

ಗ್ಲೆನಿಸ್ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಆ ವಿಚಾರ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

"ನಾನು ಓದಿರ್ಲಿಲ್ಲ, ಲೊರೇನ್."

"ಯಾವ್ದು, ಆ ಪುಟಾನಾ?"

"ಮೊದಲೆರಡು ಓದ್ದೆ. ಕೊನೇದು ಓದ್ದೆ. ನಡುವಿಂದು ಸುಮ್ಮನೆ ಗುರುತು ಹಾಕ್ತಾ ಹೋದೆ. ಕ್ಲೈವ್ ಅದನ್ನೂ ಓದ್ಲಿಲ್ಲ. ತಪ್ಪು ನಿಮ್ಮದಲ್ಲ. ಆದ್ರೆ ಪರೀಕ್ಷಕರ ಹತ್ರ ನಿಮ್ಮದೇ ಅಂದೆ."

ಲೊರೇನಳ ಮುಖದ ಮೇಲಿದ್ದ ಕ್ಷಮೆಯ ನಗು ತಕ್ಷಣ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಹಂಗಾದ್ರೆ ಅರವತ್ತೊಂದು?"

"ಗೊತ್ತಿಲ್ಲ. ಕಡಿಮೆ ಆಗಬಹುದು. ಐವತ್ತೈದಕ್ಕಿಂತ ಕೆಳಗೂ ಹೋಗಬಹುದು."

ಕೆಳಗೆ ಯಾರೋ ಹುಡುಗಿಯರು ಜೋರಾಗಿ ನಕ್ಕರು. ಲೊರೇನ್ ತೋಳಿನ ನೀಲಿ ಬಣ್ಣವನ್ನು ಉಗುರಿನಿಂದ ಕೆರೆದಳು.

"ಹೋದ ವರ್ಷದ್ದು? ನಮ್ಮಲ್ಲೊಂದು ಮಗು ಮಾತೇ ಆಡ್ತಿರ್ಲಿಲ್ಲವಲ್ಲ, ಅದರ ಬಗ್ಗೆ ಬರೆದಿದ್ದು?"

"ಅದನ್ನ ಓದಿದ್ದೆ. ಒಂದಕ್ಷರ ಬಿಡದೆ ಓದಿದ್ದೆ."

ಅದು ನಿಜವಾಗಿತ್ತು. ಆದರೆ ಗ್ಲೆನಿಸಳ ಕಿವಿಗೇ ಅದು ನಿಜದಂತೆ ಕೇಳಿಸಲಿಲ್ಲ. ಕೈ ತೊಳೆದುಕೊಂಡೆ ಎನ್ನುವ ಮಗುವಿಗೆ ತಲೆಯಾಡಿಸುವಂತೆ ಲೊರೇನ್ ತಲೆಯಾಡಿಸಿದಳು.

ಮೇಜಿನ ಮೇಲಿದ್ದ ತನ್ನ ಪ್ರಬಂಧವನ್ನು ಎಳೆದುಕೊಂಡು ಎರಡನೆಯ ಸಲ ಅಚ್ಚಾಗಿದ್ದ ಪುಟವನ್ನು ತೆಗೆದು ಪಕ್ಕಕ್ಕಿಟ್ಟಳು, ಆ ಜಾಗದಲ್ಲಿ ಹೊಸ ಹಾಳೆಯನ್ನು ಸೇರಿಸಿದಳು. ಆಮೇಲೆ ಚೀಲದಲ್ಲಿ ತಡಕಾಡಿ ಪೆನ್ಸಿಲ್ ತೆಗೆದು ಪ್ರತಿ ಹಾಳೆಯ ಮೂಲೆಯಲ್ಲೂ ಅಂಕಿ ಬರೆದಳು. ಒಂದು, ಎರಡು, ಮೂರು. ಪುಟ್ಟ ಮಕ್ಕಳಿಗೆ ತಿದ್ದಲು ಕೊಡುವಷ್ಟು ದೊಡ್ಡದಾಗಿ, ಅವಸರವಿಲ್ಲದೆ, ಒಂದೊಂದಕ್ಕೂ ಸುತ್ತು ಹಾಕುತ್ತ ಹನ್ನೆರಡರವರೆಗೆ. ಕಟ್ಟನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡಿ ಗ್ಲೆನಿಸಳ ಮುಂದಿಟ್ಟಳು.

"ಓದಿ," ಎಂದಳು. "ನಂಗೇನೂ ಅವಸರ ಇಲ್ಲ."

ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಎದುರಿಗೆ ಕೂತಳು.